ಹಳೆಯ ಕಾರನ್ನು ಮಾರಬೇಕೆ? ಪೆಟ್ರೋಲಿನ ಲೆಕ್ಕ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಹದಿನೈದು ವರ್ಷ ತುಂಬಿದ ಕಾರುಗಳಿರುವ ಮನೆಗಳು ಹಲವು. ಖಾಸಗಿ ಕಾರಿನ ನೋಂದಣಿಯು ಮೊದಲು ಹದಿನೈದು ವರ್ಷಗಳಿಗೆ ಸಲ್ಲುವುದು. ಅನಂತರ ವಾಹನವನ್ನು ಪರೀಕ್ಷೆಗೊಪ್ಪಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಶುಲ್ಕವು 2022ರ ಏಪ್ರಿಲಿನಲ್ಲಿ 600 ರೂಪಾಯಿಗಳಿಂದ 5,000 ರೂಪಾಯಿಗಳಿಗೆ ಏರಿತು. ಆ ಗಡುವು ಸಮೀಪಿಸಿದಾಗ ಮನೆಯವರಲ್ಲಿ ಚರ್ಚೆ ಹುಟ್ಟುವುದು ಸಹಜ. ಇದ್ದ ಕಾರನ್ನೇ ದುರಸ್ತಿ ಮಾಡಿಸಿ ಇಟ್ಟುಕೊಳ್ಳುವುದೋ, ಅಥವಾ ಅದನ್ನು ಮಾರಿ, ಕಡಿಮೆ ಪೆಟ್ರೋಲಿನಲ್ಲಿ ಓಡುವ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಕೊಳ್ಳುವುದೋ? ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನವೂ ಸ್ವಲ್ಪ ಗಣಿತವೂ ಇದ್ದರೆ ಇದನ್ನು ನಾವೇ ತೀರ್ಮಾನಿಸಬಹುದು.

ಪೆಟ್ರೋಲು ಎಲ್ಲಿಗೆ ಹೋಗುತ್ತದೆ?

ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 3.2 ಕೋಟಿ ಜೂಲ್ ಶಕ್ತಿ ಬಿಡುಗಡೆಯಾಗುವುದು. ಊರೊಳಗಿನ ಓಡಾಟದಲ್ಲಿ ಇದರ ಐದನೆಯ ಒಂದು ಪಾಲು, ಎಂದರೆ 64 ಲಕ್ಷ ಜೂಲ್, ಚಕ್ರಗಳನ್ನು ಮುಟ್ಟುವುದೆಂದು ಭಾವಿಸೋಣ. ಉಳಿದುದು ಬಹುಮಟ್ಟಿಗೆ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಉಷ್ಣವಾಗಿ ಹೊರಬೀಳುವುದು.

ಚಕ್ರಗಳನ್ನು ಮುಟ್ಟಿದ ಶಕ್ತಿಯ ಗತಿಯೇನು? ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳೂ ಅದೇ ದಶಕದವು. ಮೋಟಾರು ಕಾರು ಈ ಊರಿಗೆ ಪರಿಚಿತವಾಗುವುದಕ್ಕೆ ಮೊದಲೇ ಗೆರೆ ಎಳೆದ ಬೀದಿಗಳಿವು. ಅಡ್ಡರಸ್ತೆಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಇಲ್ಲಿ 1,000 ಕಿಲೋಗ್ರಾಮ್ ತೂಗುವ ಕಾರೊಂದು 10 ಕಿಲೋಮೀಟರ್ ಸಾಗುವಾಗ 50 ಸಲ ನಿಂತು ಹೊರಡುವುದೆಂದೂ, ಪ್ರತಿಸಲವೂ ಗಂಟೆಗೆ 36 ಕಿಲೋಮೀಟರ್ ವೇಗವನ್ನು, ಎಂದರೆ ಸೆಕೆಂಡಿಗೆ 10 ಮೀಟರನ್ನು, ಮುಟ್ಟುವುದೆಂದೂ ಇಟ್ಟುಕೊಳ್ಳೋಣ. ಆಗ ಅದರ ಚಲನಶಕ್ತಿ 50,000 ಜೂಲ್. ಬ್ರೇಕನ್ನು ಒತ್ತಿದೊಡನೆ ಇದೆಲ್ಲವೂ ಬ್ರೇಕಿನಲ್ಲಿ ಉಷ್ಣವಾಗಿ ಮಾರ್ಪಡುವುದು. 50 ನಿಲುಗಡೆಗಳಿಗೆ 25 ಲಕ್ಷ ಜೂಲ್ ಹೋಯಿತು. ಉರುಳುವ ಟೈರುಗಳ ಪ್ರತಿರೋಧ ಸುಮಾರು 120 ನ್ಯೂಟನ್. ಹತ್ತು ಕಿಲೋಮೀಟರಿಗೆ 12 ಲಕ್ಷ ಜೂಲ್. ಈ ಮಂದವೇಗದಲ್ಲಿ ಗಾಳಿಯ ಪ್ರತಿರೋಧಕ್ಕೆ ಹೋಗುವುದು ಸುಮಾರು 4 ಲಕ್ಷ ಮಾತ್ರ.

ಒಟ್ಟು 41 ಲಕ್ಷದಲ್ಲಿ 37 ಲಕ್ಷವು ಕಾರಿನ ತೂಕವನ್ನು ಅವಲಂಬಿಸಿದೆ ಎಂಬುದನ್ನು ವಾಚಕರು ಗಮನಿಸಬೇಕು. ಕಾರು 800 ಕಿಲೋಗ್ರಾಮ್ ಮಾತ್ರ ತೂಗಿದರೆ ಈ ವೆಚ್ಚದಲ್ಲಿ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಉಳಿಯುವುದು. ಹೆದ್ದಾರಿಯಲ್ಲಿ ಕಾರಿನ ಆಕಾರಕ್ಕೆ ಬೆಲೆ ಹೆಚ್ಚು. ಗಾಂಧಿ ಬಜಾರಿನ ಸುತ್ತಮುತ್ತ ತೂಕಕ್ಕೆ ಬೆಲೆ ಹೆಚ್ಚು.

ಮೈಲೇಜಿನ ಭ್ರಮೆ

ಲೀಟರಿಗೆ 8 ಕಿಲೋಮೀಟರ್ ಕೊಡುವ ಕಾರನ್ನು ಬಿಟ್ಟು 12 ಕೊಡುವುದನ್ನು ಕೊಂಡರೆ ಲಾಭ ಹೆಚ್ಚೋ, 16 ಕೊಡುವುದನ್ನು ಬಿಟ್ಟು 24 ಕೊಡುವುದನ್ನು ಕೊಂಡರೆ ಹೆಚ್ಚೋ? ಎರಡನೆಯದೇ ಎಂದು ಹಲವರು ಹೇಳಿಬಿಡುವರು. ನೂರು ಕಿಲೋಮೀಟರಿಗೆ ತಗಲುವ ಪೆಟ್ರೋಲನ್ನು ಲೆಕ್ಕ ಹಾಕಿ ನೋಡೋಣ. ಮೊದಲನೆಯ ಬದಲಾವಣೆಯಲ್ಲಿ 12.5 ಲೀಟರು 8.3ಕ್ಕೆ ಇಳಿಯುವುದು, ಉಳಿತಾಯ 4.2 ಲೀಟರ್. ಎರಡನೆಯದರಲ್ಲಿ 6.25 ಲೀಟರು 4.17ಕ್ಕೆ ಇಳಿಯುವುದು, ಉಳಿತಾಯ ಸುಮಾರು 2.1 ಲೀಟರ್ ಮಾತ್ರ. ಆದುದರಿಂದ ಹೋಲಿಸತಕ್ಕದ್ದು ಮೈಲೇಜನ್ನಲ್ಲ, ಅದರ ವಿಲೋಮವನ್ನು.

ಹಣದ ಲೆಕ್ಕ

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅವರ ಹಳೆಯ ಕಾರು ಲೀಟರಿಗೆ 10 ಕಿಲೋಮೀಟರ್ ಓಡುತ್ತದೆ. ಕೊಳ್ಳಬೇಕೆಂದಿರುವುದು 16 ಓಡುತ್ತದೆ. ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯದನ್ನು ಮಾರಿ ಬಂದ ಹಣವನ್ನು ಕಳೆದರೆ ಕೈಯಿಂದ ಹಾಕಬೇಕಾದ ಮೊತ್ತ 2,80,000 ರೂಪಾಯಿ.

ದೇವಸ್ಥಾನ, ಮಾರುಕಟ್ಟೆ, ನೆಂಟರ ಮನೆ ಎಂದು ವರ್ಷಕ್ಕೆ 5,000 ಕಿಲೋಮೀಟರ್ ಓಡಿಸುವವರಾದರೆ, 500 ಲೀಟರಿನ ಬದಲು 312.5 ಲೀಟರು ಸಾಕು. ಉಳಿತಾಯ 18,750 ರೂಪಾಯಿ. ಹಾಕಿದ ಹಣ ಹಿಂದಿರುಗಲು ಸುಮಾರು 15 ವರ್ಷ ಬೇಕು. ಅಷ್ಟರಲ್ಲಿ ಕೊಂಡ ಕಾರೇ ಮುದಿಯಾಗಿರುವುದು! ದಿನವೂ ದೂರದ ಕೆಲಸಕ್ಕೆ ಹೋಗಿಬಂದು ವರ್ಷಕ್ಕೆ 18,000 ಕಿಲೋಮೀಟರ್ ಓಡಿಸುವವರಾದರೆ ಉಳಿತಾಯ 67,500 ರೂಪಾಯಿ. ನಾಲ್ಕು ವರ್ಷಗಳು ಕಳೆದ ಸ್ವಲ್ಪ ಕಾಲದಲ್ಲೇ ಹಣ ಹಿಂದಿರುಗುವುದು. ಹಳೆಯ ಕಾರಿನ ದುರಸ್ತಿಗೆ ಹೊಸದಕ್ಕಿಂತ ವರ್ಷಕ್ಕೆ 20,000 ರೂಪಾಯಿ ಹೆಚ್ಚಾಗಿ ತಗಲುವುದಾದರೆ, ಮೊದಲನೆಯವರ ಹದಿನೈದು ವರ್ಷವೂ ಸುಮಾರು ಏಳಕ್ಕೆ ಇಳಿಯುವುದು. ವಿಮೆ, ಹೆಸರು ವರ್ಗಾವಣೆ ಮುಂತಾದ ವೆಚ್ಚಗಳನ್ನೂ ಇದೇ ರೀತಿ ಸೇರಿಸಿಕೊಳ್ಳಬೇಕು.

ತೀರ್ಮಾನಕ್ಕೆ ಮೊದಲು

ಮೊದಲು ಹಳೆಯ ಕಾರಿನ ನಿಜವಾದ ಮೈಲೇಜನ್ನು ಅಳೆಯಬೇಕು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿದಾಗ ಹಿಡಿದ ಲೀಟರುಗಳಿಂದ ದೂರವನ್ನು ಭಾಗಿಸಿದರಾಯಿತು. ನಾಲ್ಕು ಸಲ ಅಳೆದು ಸರಾಸರಿ ತೆಗೆಯುವುದು ಲೇಸು. ಸಮತಟ್ಟಾದ ನೆಲದಲ್ಲಿ ಗೇರು ತಪ್ಪಿಸಿ ನೂಕಿದಾಗ ಕಾರು ಸರಾಗವಾಗಿ ಉರುಳದಿದ್ದರೆ, ಟೈರಿನಲ್ಲಿ ಗಾಳಿ ಕಡಿಮೆಯಾಗಿರಬಹುದು, ಇಲ್ಲವೆ ಬ್ರೇಕು ಹಿಡಿದುಕೊಂಡಿರಬಹುದು. ಇವು ಅಲ್ಪ ವೆಚ್ಚದಲ್ಲಿ ಸರಿಹೋಗುವ ದೋಷಗಳು.

ಹೊಗೆಯ ವಿಚಾರವೂ ಉಂಟು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮ್. ಉರಿಯುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಂಡು ಅದು 2.3 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡ್ ಆಗುವುದು. ಮೇಲಿನ ಮೊದಲ ಮನೆಯವರು ಇದನ್ನು ವರ್ಷಕ್ಕೆ 430 ಕಿಲೋಗ್ರಾಮಿನಷ್ಟು ಕಡಿಮೆ ಮಾಡಬಲ್ಲರು. ಆದರೆ ಅವರು ಮಾರಿದ ಕಾರು ಬೇರೊಂದು ಬೀದಿಯಲ್ಲಿ ಮತ್ತೆ ಅಷ್ಟೇ ಓಡಿದರೆ, ಹೊಗೆ ಬೀದಿಯನ್ನು ಬದಲಾಯಿಸಿತೇ ಹೊರತು ಕಡಿಮೆಯಾದಂತಾಗಲಿಲ್ಲ.

ಕಡಿಮೆ ಓಡಿಸುವವರು ಸರಿಯಾಗಿರುವ ಹಳೆಯ ಕಾರನ್ನು ದುರಸ್ತಿಯಲ್ಲಿಟ್ಟುಕೊಳ್ಳುವುದೂ, ಹೆಚ್ಚು ಓಡಿಸುವವರು ಹಗುರವಾದ ಕಾರಿಗೆ ಬದಲಾಯಿಸುವುದೂ ಲಾಭಕರ. ಆದರೆ ತಳದ ಚೌಕಟ್ಟು ತುಕ್ಕು ಹಿಡಿದು ಸೊರಗಿದ್ದರೆ, ಬ್ರೇಕು ನಂಬಿಕೆಗೆ ಅನರ್ಹವಾಗಿದ್ದರೆ, ಪೆಟ್ರೋಲಿನ ಲೆಕ್ಕವನ್ನು ಬದಿಗಿಡಬೇಕು. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ ಎಂಬುದನ್ನೂ ಕೊಳ್ಳುವವರು ನೆನೆಯಬೇಕು. ಮಿಕ್ಕ ಸಂದರ್ಭಗಳಲ್ಲಿ ವರ್ಷಕ್ಕೆ ಓಡುವ ದೂರವೇ ನಿರ್ಣಾಯಕ. ವಿದ್ಯಾರ್ಥಿಗಳು ಮನೆಯ ಕಾರಿಗೆ ಒಂದು ಪುಸ್ತಕವಿಟ್ಟು, ಮೂರು ತಿಂಗಳು ದೂರವನ್ನೂ ಲೀಟರುಗಳನ್ನೂ ಬರೆದಿಟ್ಟರೆ, ಹಿರಿಯರ ಚರ್ಚೆಗೆ ಅಂಕಿಗಳ ಆಧಾರ ದೊರೆಯುವುದು.