ಮಗ್ಗದ ಮನೆಯಿಂದ ಮುಗಿಲಿಗೆ

ಬನಹಟ್ಟಿಯಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಮಗ್ಗಗಳ ಸದ್ದು ಒಂದೊಂದಾಗಿ ಅಡಗತೊಡಗುತ್ತದೆ. ಹಗಲೆಲ್ಲ ಆ ಸದ್ದಿನ ನಡುವೆಯೇ ಬಾಳುವ ಊರಿನವರಿಗೆ ಅದು ಕೇಳಿಸುವುದೇ ಇಲ್ಲ. ನಿಂತಾಗ ಮಾತ್ರ ಏನೋ ಕಳೆದುಕೊಂಡಂತೆ ಆಗುತ್ತದೆ. ಅಂಥ ಒಂದು ರಾತ್ರಿ ನನ್ನ ಸೋದರಮಾವನ ಮಗ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ನನ್ನನ್ನು ಕರೆದ.

"ಬರ್ರಿ, ಕುಂಡ್ರಿ. ಈಗ ಹುಬ್ಬಳ್ಳಿ ಬಿಡ್ತೀವಿ. ಒಂದು ತಾಸಿಗೆ ಬೆಂಗಳೂರು."

ಮಗ್ಗದ ಮನೆಗೆ ಅಂಟಿಕೊಂಡ ಚಿಕ್ಕ ಕೋಣೆ. ಮೂಲೆಯಲ್ಲಿ ನೂಲಿನ ಉಂಡೆಗಳ ಚೀಲ. ಗೋಡೆಗೆ ಒರಗಿಸಿದ ಮೇಜಿನ ಮೇಲೆ ಹಳೆಯ ಗಣಕಯಂತ್ರ. ಅದರ ಮುಂದೆ ಬಣ್ಣ ಮಾಸಿದ ಚಾಲನದಂಡ. ಪರದೆಯ ಮೇಲೆ ವಿಮಾನದ ಚಾಲಕನ ಕೋಣೆ ಮೂಡಿತು. ಅಲ್ಲಿ ಎಲ್ಲವೂ ಕತ್ತಲು. ಅವನು ಅವಸರ ಮಾಡಲಿಲ್ಲ. ಮೊದಲು ಬ್ಯಾಟರಿ, ಬಳಿಕ ದೀಪಗಳು, ಆಮೇಲೆ ಇಂಧನ, ಅನಂತರ ಒಂದಾದ ಮೇಲೊಂದು ಎಂಜಿನು. ಎರಡು ಪಂಖಗಳು ತಿರುಗಿ ಕಣ್ಣಿಗೆ ಮಂಜಾದವು. ಹೊರಗೆ ನಾಯಿಯೊಂದು ಬೊಗಳುತ್ತಿತ್ತು. ಒಳಗೆ ನಾವು ಹುಬ್ಬಳ್ಳಿಯ ಓಡುದಾರಿಯ ತುದಿಯಲ್ಲಿ ನಿಂತಿದ್ದೆವು.

ಓದುಗರು ನಕ್ಕಾರು. ಐವತ್ತರ ಹತ್ತಿರ ಬಂದ ನೇಕಾರನಿಗೆ ಇದೆಂಥ ಮಕ್ಕಳಾಟ? ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಈ ಆಟದ ಹಿಂದೆ ಒಂದು ದೊಡ್ಡ ಚರಿತ್ರೆಯೂ, ಅವನ ಮಟ್ಟಿಗೆ ಒಂದು ಚಿಕ್ಕ ಚರಿತ್ರೆಯೂ ಇವೆ.

ಹಾರ್ಮೋನಿಯಮ್ಮಿನ ತಿದಿಯಿಂದ

ನೆಲದ ಮೇಲೆ ಕುಳಿತೇ ಹಾರುವುದನ್ನು ಕಲಿಸುವ ಯಂತ್ರ ಹುಟ್ಟಿದ್ದು ವಾದ್ಯದ ಕಾರ್ಖಾನೆಯಲ್ಲಿ ಎಂದರೆ ಸೋಜಿಗವಾದೀತು. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದ. ನಮ್ಮ ಹಾರ್ಮೋನಿಯಮ್ಮಿನಂತೆ ಅವೂ ತಿದಿಯ ಗಾಳಿಯಿಂದ ನುಡಿಯುವಂಥವು. ಅದೇ ತಿದಿಗಳನ್ನು ಪುಟ್ಟ ವಿಮಾನದಂಥ ಪೆಟ್ಟಿಗೆಯೊಂದರ ಕೆಳಗೆ ಕೂಡಿಸಿ, ದಂಡವನ್ನು ಆಡಿಸಿದರೆ ಪೆಟ್ಟಿಗೆ ವಾಲುವಂತೆ, ಮೂತಿ ಎತ್ತುವಂತೆ ಲಿಂಕ್ 1929ರಲ್ಲಿ ಮಾಡಿದ. ಮೊದಲು ಅದನ್ನು ಜಾತ್ರೆಯ ಆಟಿಕೆಯೆಂದೇ ಜನ ಬಗೆದರು. 1934ರಲ್ಲಿ ಅಮೆರಿಕದ ಸೇನೆಯ ವೈಮಾನಿಕರು ಟಪಾಲು ಹೊತ್ತು ಕೆಟ್ಟ ಹವೆಯಲ್ಲಿ ಹಾರಲು ಹೋಗಿ ಒಬ್ಬರ ಹಿಂದೊಬ್ಬರು ಮಡಿದಾಗ ಸರಕಾರದ ಕಣ್ಣು ತೆರೆಯಿತು. ಸೇನೆ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ತರುಣರು ಹಾರಾಟದ ಮೊದಲ ಪಾಠವನ್ನು ಆ ಪೆಟ್ಟಿಗೆಯೊಳಗೇ ಕಲಿತರು.

ಗಣಕಯಂತ್ರಕ್ಕೂ ಮಗ್ಗಕ್ಕೂ ಇರುವ ನಂಟು ರಬಕವಿ-ಬನಹಟ್ಟಿಯವರಿಗೆ ಹೇಳಿದರೆ ಹಿಗ್ಗು. ಸೀರೆಯ ಅಂಚಿನ ಚಿತ್ತಾರವನ್ನು ತೂತು ಹೊಡೆದ ರಟ್ಟುಗಳಿಂದ ಆಳುವ ಜಕಾರ್ಡ್ ಸಾಧನವನ್ನು ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ. ಆ ರಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಅಪ್ಪಣೆ ಕೊಡುವ ಬಗೆಯನ್ನು ಯೋಚಿಸಿದ. ಮುಂದೆ ಬಹುಕಾಲ ಗಣಕಗಳು ತೂತುರಟ್ಟನ್ನೇ ಉಂಡು ಬೆಳೆದವು. ನೂಲಿನ ಎಳೆ ಮೇಲೋ ಕೆಳಗೋ ಎಂಬ ಎರಡೇ ಮಾತಿನಲ್ಲಿ ಸೀರೆಯ ಚಿತ್ತಾರವೆಲ್ಲ ಅಡಗಿರುವಂತೆ, ಉಂಟು-ಇಲ್ಲ ಎಂಬ ಎರಡೇ ಮಾತಿನಲ್ಲಿ ಗಣಕದ ಆಕಾಶವೆಲ್ಲ ಅಡಗಿದೆ.

ಆ ಆಕಾಶವನ್ನು ಮನೆಯ ಮೇಜಿಗೆ ತಂದವನು ಬ್ರೂಸ್ ಆರ್ಟ್‌ವಿಕ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದುವಾಗ, 1975ರಲ್ಲಿ, ವಿಮಾನದ ಚಲನೆಯನ್ನು ಗಣಕದ ಪರದೆಯ ಮೇಲೆ ತೋರಿಸುವ ವಿಷಯದ ಮೇಲೆ ಆತ ಪ್ರಬಂಧ ಬರೆದ. ಮುಂದೆ ತನ್ನದೇ ಕಂಪನಿ ಕಟ್ಟಿ ಮನೆ ಗಣಕಗಳಿಗಾಗಿ ಆಟ ರಚಿಸಿದ. 1982ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಿಂದ ಹೊರತಂದಿತು. ಮೊದಮೊದಲು ಬೆಟ್ಟವೆಂದರೆ ನಾಲ್ಕು ಗೆರೆ, ಊರೆಂದರೆ ಹತ್ತು ಗೆರೆ. 2003ರಲ್ಲಿ ರೈಟ್ ಸೋದರರ ಹಾರಾಟದ ನೂರನೆಯ ವರುಷದ ನೆನಪಿಗೆ ಬಂದ ಆವೃತ್ತಿಯಲ್ಲಾದರೋ ಜಗತ್ತಿನ ಸುಮಾರು 24,000 ವಿಮಾನ ನಿಲ್ದಾಣಗಳಿದ್ದವು. ನಮ್ಮವನ ಗಣಕದಲ್ಲಿ ಇರುವುದು ಇದೇ. ಇದರ ಮುಂದಿನದು 2006ರಲ್ಲಿ ಬಂದಿತು. 2009ರ ಜನವರಿಯಲ್ಲಿ ಅದನ್ನು ರಚಿಸುತ್ತಿದ್ದ ವಿಭಾಗವನ್ನೇ ಕಂಪನಿ ಮುಚ್ಚಿತು. ಹನ್ನೊಂದು ವರುಷಗಳ ಬಳಿಕ, 2020ರಲ್ಲಿ, ಹೊಸ ಪೀಳಿಗೆಯ ಆವೃತ್ತಿ ಬಂದಿತು.

ಅಂಗಡಿಯ ವಿಮಾನ, ಹವ್ಯಾಸಿಯ ವಿಮಾನ

ಆಟದೊಂದಿಗೆ ಬರುವ ವಿಮಾನಗಳು ಸರಳವಾದವು. ಎಷ್ಟೋ ಗುಂಡಿಗಳು ಬರಿಯ ಚಿತ್ರ. ಒತ್ತಿದರೆ ಏನೂ ಆಗದು. ಈ ಕೊರತೆಯನ್ನು ತುಂಬಲು ಬೇರೆ ಬೇರೆ ತಂಡಗಳು ಹೊರಗಿನಿಂದ ಸೇರಿಸಿಕೊಳ್ಳುವ ವಿಮಾನಗಳನ್ನು ಕಟ್ಟಿ ಮಾರಿದವು. ಪಿಎಂಡಿಜಿ ತಂಡದ ಬೋಯಿಂಗ್ 737 ಮತ್ತು 747, ಲೆವೆಲ್-ಡಿ ತಂಡದ 767 ಇವುಗಳ ಹೆಸರು ಹೇಳಿದರೆ ಹಳೆಯ ಹವ್ಯಾಸಿಗಳ ಮುಖ ಇಂದಿಗೂ ಅರಳುತ್ತದೆ. ಇವುಗಳ ಕೈಪಿಡಿಗಳು ನೂರಾರು ಪುಟ. ವಿದ್ಯುತ್ತು, ಇಂಧನ, ಗಾಳಿಯ ಒತ್ತಡ, ದಾರಿ ತೋರುವ ಗಣಕ, ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಗುಂಡಿ ಮರೆತರೆ ಎಂಜಿನು ಹೊತ್ತಿಕೊಳ್ಳದು. ಹಾಸಿನ ಒಂದು ಎಳೆ ತಪ್ಪಿದರೆ ಇಡೀ ಸೀರೆ ಕೆಡುವುದನ್ನು ಕಂಡ ಕೈಗಳಿಗೆ ಇಂಥ ಶಿಸ್ತು ಹೊಸದಲ್ಲ.

ಈ ಯಂತ್ರದ ಮುಖ್ಯ ಸುಖ ವೇಗವಲ್ಲ, ಲೆಕ್ಕ. ಇಳಿಯುವ ಲೆಕ್ಕವನ್ನೇ ನೋಡಿ. ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ದೂರ ಬೇಕು ಎಂಬುದು ವೈಮಾನಿಕರ ಬಾಯಿಲೆಕ್ಕ. ನಾವು ಹಾರುತ್ತಿದ್ದುದು 17,000 ಅಡಿ ಎತ್ತರದಲ್ಲಿ. ಬೆಂಗಳೂರಿನ ನೆಲವೇ ಸುಮಾರು 2,900 ಅಡಿ. ಇಳಿಯಬೇಕಾದದ್ದು 14,000 ಅಡಿ ಚಿಲ್ಲರೆ. ಅಂದರೆ 42 ನಾಟಿಕಲ್ ಮೈಲಿ, ಹೆಚ್ಚುಕಡಿಮೆ 78 ಕಿಲೋಮೀಟರು. ಹಾವೇರಿ ಬಲಕ್ಕೆ ಸರಿಯಿತು, ಚಿತ್ರದುರ್ಗ ಕೆಳಗೆ ಕಳೆಯಿತು. "ತುಮಕೂರು ಬಂತು, ಇನ್ನ ಇಳೀಬೇಕು" ಎಂದ ಅವನು, ಬಸ್ಸಿನ ನಿರ್ವಾಹಕನ ದನಿಯಲ್ಲಿ.

ಒಮ್ಮೊಮ್ಮೆ ಅವನು ಹಳೆಯ ಡಕೋಟ ವಿಮಾನವನ್ನು ಹತ್ತಿ ಬೆಳಗಾವಿಯ ಸಾಂಬ್ರಾದಿಂದ ನಮ್ಮ ಸೀಮೆಗೂ ಬರುವುದುಂಟು. ಯುದ್ಧ ಮುಗಿದ ಮೇಲೆ ಉಳಿದ ಇಂಥ ಡಕೋಟಗಳನ್ನು ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆ ಪ್ರಯಾಣಿಕರ ವಿಮಾನಗಳಾಗಿ ಮಾರ್ಪಡಿಸಿದ್ದಿತು. ಗೋಕಾಕವನ್ನು ದಾಟಿ, ಘಟಪ್ರಭೆಯ ಗುಂಟ ಮುಧೋಳ, ಅಲ್ಲಿಂದ ಜಮಖಂಡಿ, ಬಲಕ್ಕೆ ಹೊರಳಿದರೆ ಬೀಳಗಿ. ಆದರೆ ಈ ಹಳೆಯ ಆಟದಲ್ಲಿ ಮುಧೋಳದ ಬೇಟೆನಾಯಿಯೂ ಇಲ್ಲ, ಜಮಖಂಡಿಯ ಪಟವರ್ಧನರ ಅರಮನೆಯೂ ಇಲ್ಲ, ಬನಹಟ್ಟಿಯ ಮಗ್ಗವೂ ಇಲ್ಲ. ಹಸುರು-ಕಂದು ಹೊಲಗಳ ಚೌಕಗಳಷ್ಟೆ. ಊರುಗಳನ್ನು ನಾವೇ ಮನಸ್ಸಿನಿಂದ ತಂದು ಇಟ್ಟುಕೊಳ್ಳಬೇಕು.

"ಹೊಸದರಾಗ ಎಲ್ಲಾ ಕಾಣ್ತದಲ್ಲ, ಅದನ್ನ ಯಾಕ ತಗೊಳ್ಳಿಲ್ಲ?" ಎಂದು ಕೇಳಿದೆ. ಹೊಸ ಆವೃತ್ತಿ ಉಪಗ್ರಹದ ಚಿತ್ರಗಳನ್ನು ಅಂತರ್ಜಾಲದಿಂದ ಎಳೆದುಕೊಂಡು ನಿಜವಾದ ಊರುಗಳನ್ನೇ ತೋರಿಸುತ್ತದೆ ಎಂಬುದು ನನಗೂ ಗೊತ್ತಿತ್ತು. ಅದಕ್ಕೆ ಬೇಕಾದ ಗಣಕದ ಬೆಲೆಗೆ ಒಂದು ಮಗ್ಗದ ದುರಸ್ತಿ ಆಗುತ್ತದೆ ಎಂದು ನಕ್ಕ. ಆಮೇಲೆ ನಗು ಬಿಟ್ಟು, "ಅದರಾಗ ಬೆಂಗಳೂರಿಗೆ ಹೋದ್ರ ದೇವನಹಳ್ಳಿಗೆ ಇಳೀಬೇಕು" ಎಂದ.

ಒಂದೇ ಒಂದು ಪ್ರಯಾಣ

ಅವನು ಜಮಖಂಡಿಯಲ್ಲಿ ವಿಜ್ಞಾನ ಓದಿದವನು. ವಿಮಾನ ಚಾಲಕನಾಗಬೇಕೆಂಬ ಆಸೆ ಹುಡುಗತನದ್ದು. ಆದರೆ ವಾಣಿಜ್ಯ ಪರವಾನಗಿಗೆ 200 ತಾಸು ನಿಜವಾಗಿ ಹಾರಿರಬೇಕು. ಆ ಹಾರಾಟದ ಒಂದೊಂದು ತಾಸಿಗೂ ಹಣ ಸುರಿಯಬೇಕು. ಎರಡು ಮಗ್ಗ, ಮೂವರು ತಂಗಿಯರಿದ್ದ ಮನೆಯಲ್ಲಿ ಆ ಮಾತನ್ನು ಅವನು ಎತ್ತಲೇ ಇಲ್ಲ. ಪರೀಕ್ಷೆ ಮುಗಿದ ವಾರವೇ ತಂದೆಯ ಪಕ್ಕದ ಮಗ್ಗಕ್ಕೆ ಕುಳಿತ.

2006ರಲ್ಲಿ ನನ್ನ ಸೋದರಮಾವನಿಗೆ ಬೆನ್ನುಹುರಿಯ ಬೇನೆ ಬಲಿಯಿತು. ನಲವತ್ತು ವರುಷ ಬಾಗಿ ನೇಯ್ದ ಬೆನ್ನು ಅದು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಇಡೀ ರಾತ್ರಿಯ ಬಸ್ಸಿನ ಕುಲುಕಾಟವನ್ನು ಅವರು ತಾಳಲಾರರು. ಅಗ್ಗದ ದರದ ವಿಮಾನಗಳು ಹುಬ್ಬಳ್ಳಿಗೆ ಬರತೊಡಗಿದ್ದ ಕಾಲ. ಮಗ ಸಾಲ ಮಾಡಿ ಎರಡು ಟಿಕೆಟು ತಂದ. ಪಂಖದ ಎಟಿಆರ್ ವಿಮಾನ. ಹಿಂಬದಿಯ ಬಾಗಿಲಿನಿಂದ ಹತ್ತುವಂಥದು. ತಂದೆಯನ್ನು ಕಿಟಕಿಯ ಬಳಿ ಕೂರಿಸಿದ. ವಿಮಾನ ಮೇಲೇರಿದ ಮೇಲೆ ಮುದುಕ ಬಹಳ ಹೊತ್ತು ಸುಮ್ಮನೆ ಕೆಳಗೆ ನೋಡಿ, ಕೊನೆಗೆ ಅಂದದ್ದು ಒಂದೇ ಮಾತು: "ಮ್ಯಾಲಿಂದ ನೋಡಿದ್ರ ಭೂಮಿ ಚೌಕಳಿ ಸೀರಿ ಹಾಂಗ ಐತಲ್ಲೋ! ಯಾರು ನೇಯ್ದಾರೋ?"

ಇಳಿದದ್ದು ನಗರದ ಮಧ್ಯದ ಎಚ್‌ಎಎಲ್ ನಿಲ್ದಾಣದಲ್ಲಿ. ಚಿಕಿತ್ಸೆ ಫಲಿಸಿತು, ಮರಳುವಾಗ ನಿಧಾನವಾಗಿ ರೈಲಿನಲ್ಲಿ ಬಂದರು. ಅವರ ಬಾಳಿನಲ್ಲಿ ಅದೊಂದೇ ಹಾರಾಟ. 2009ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರುಷ ಮೊದಲೇ, 2008ರ ಮೇ 24ರಂದು, ದೇವನಹಳ್ಳಿಯ ಹೊಸ ನಿಲ್ದಾಣ ಕೆಲಸ ಆರಂಭಿಸಿತ್ತು. ಹಳೆಯ ನಿಲ್ದಾಣದಲ್ಲಿ ನಮ್ಮಂಥ ಪ್ರಯಾಣಿಕರ ಬರವು-ಹೋಗುವಿಕೆ ನಿಂತಿತ್ತು. ಸೇನೆಯ ಮತ್ತು ಪರೀಕ್ಷೆಯ ವಿಮಾನಗಳು ಈಗಲೂ ಅಲ್ಲಿ ಏರಿ ಇಳಿಯುತ್ತವೆ; ಟಿಕೆಟು ಕೊಂಡು ಅಲ್ಲಿ ಇಳಿಯುವಂತಿಲ್ಲ.

ಆದರೆ 2003ರಲ್ಲಿ ರಚಿತವಾದ ಆಟಕ್ಕೆ ದೇವನಹಳ್ಳಿಯ ಸುದ್ದಿಯೇ ತಿಳಿಯದು. ಅದರ ಪಾಲಿಗೆ ಬೆಂಗಳೂರು ಎಂದರೆ ಇಂದಿಗೂ ಆ ಹಳೆಯ ಓಡುದಾರಿ. ಅಲ್ಲಿಯ ಕಟ್ಟಡಗಳು ಎಲ್ಲ ಊರಿಗೂ ಹೊಂದುವ ಸಾಮಾನ್ಯ ಡಬ್ಬಿಗಳು, ನಿಜದ ಪ್ರತಿರೂಪವಲ್ಲ. ಆದರೂ ಓಡುದಾರಿಯ ದಿಕ್ಕು ಅದೇ. ಅಷ್ಟು ಸಾಕು ಅವನಿಗೆ. ಪ್ರತಿ ವರುಷ ಆ ದಿನ, ಆ ಸಂಜೆಯ ಹೊತ್ತನ್ನೇ ಇಟ್ಟು, ಹೊರಗಿನಿಂದ ಸೇರಿಸಿದ ಎಟಿಆರ್ ವಿಮಾನದಲ್ಲಿ ಹುಬ್ಬಳ್ಳಿಯಿಂದ ಹೊರಟು ಅಲ್ಲಿ ಇಳಿಯುತ್ತಾನೆ. ನಾನು ಹೋದದ್ದು ಅಂಥ ದಿನವೆಂದು ನನಗೆ ಆಮೇಲೆ ತಿಳಿಯಿತು.

ಇಂಥ ಕತೆ ಅವನೊಬ್ಬನದಲ್ಲ. ಷಿಕಾಗೋ ನಗರದ ಸರೋವರದ ದಂಡೆಯಲ್ಲಿ ಮೀಗ್ಸ್ ಫೀಲ್ಡ್ ಎಂಬ ಪುಟ್ಟ ನಿಲ್ದಾಣವಿತ್ತು. ಎರಡು ದಶಕ ಈ ಆಟ ಆರಂಭವಾಗುತ್ತಿದ್ದುದೇ ಅಲ್ಲಿಂದ. 2003ರ ಮಾರ್ಚ್ 30ರ ರಾತ್ರಿ ನಗರದ ಮೇಯರನ ಅಪ್ಪಣೆಯಂತೆ ಯಂತ್ರಗಳು ನುಗ್ಗಿ ಅದರ ಓಡುದಾರಿಯನ್ನು ಅಗೆದುಹಾಕಿದವು. ಹಳೆಯ ಆವೃತ್ತಿಗಳಲ್ಲಿ ಮಾತ್ರ ಅದು ಹಾಗೇ ಇದೆ; ಅಲ್ಲಿಗೆ ಹೋಗಿ ಇಳಿಯುವವರೂ ಇದ್ದಾರೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬೀಳಗಿ ಸೀಮೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನಡಿಯ ಬೀದಿಯನ್ನು ಅವರು ಮನೆಮನೆ ಎಣಿಸಿ ಹೇಳಬಲ್ಲರು.

ಮುಂದೇನು?

ಆದರೆ ಈ ಯಂತ್ರವೂ ಅಮರವಲ್ಲ. 2003ರ ಆಟದ ತಟ್ಟೆಗಳಿಗೆ ಹಾಕಿದ್ದ ಕಳ್ಳಪ್ರತಿ ತಡೆಯುವ ಬೀಗವನ್ನು 2015ರಲ್ಲಿ ಬಂದ ವಿಂಡೋಸ್ 10 ಒಪ್ಪುವುದಿಲ್ಲ. ಹೊಸ ಗಣಕಕ್ಕೆ ಮೂಲ ತಟ್ಟೆ ಹಾಕಿದರೆ ಆಟ ಏಳದು. ಹೊರಗಿನಿಂದ ಕೊಂಡ ವಿಮಾನಗಳ ಪೈಕಿ ಕೆಲವಕ್ಕೆ ಮಾರಿದವರ ಕಡೆಯಿಂದ ಅನುಮತಿಯ ಸಂಖ್ಯೆ ಬರಬೇಕು. ಮಾರಿದವರೇ ಅಂಗಡಿ ಮುಚ್ಚಿದರೆ ಕೊಂಡವನ ವಿಮಾನವೂ ನೆಲ ಹಿಡಿಯಿತು. ಅದಕ್ಕಾಗಿ ಅವನು ಆ ಹಳೆಯ ಗಣಕವನ್ನು ಅಂತರ್ಜಾಲಕ್ಕೆ ಜೋಡಿಸದೆ, ದೀಪ ಹೋದರೆ ಕೆಡದಂತೆ ಬ್ಯಾಟರಿ ಇಟ್ಟು, ಮಗ್ಗದ ನೂಲಧೂಳು ತಗುಲದಂತೆ ತೆಳು ಬಟ್ಟೆ ಹೊದಿಸಿ ಕಾಪಾಡುತ್ತಿದ್ದಾನೆ. ಕಳೆದ ಮಳೆಗಾಲದಲ್ಲಿ ಅದರ ಡಿಸ್ಕು ಕಟಕಟ ಎನ್ನತೊಡಗಿತು. ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಪಡಿಯಚ್ಚು ಮಾಡಿಕೊಂಡ. ಎಟಿಆರ್ ವಿಮಾನ ಏಳುವುದೋ ಇಲ್ಲವೋ ಎಂಬ ಭಯದಲ್ಲಿ ಗುಂಡಿ ಒತ್ತಿದೆ ಎಂದು ಹೇಳುವಾಗ ಅವನ ದನಿ ತಗ್ಗಿತು. ಎದ್ದಿತಂತೆ.

ಆ ರಾತ್ರಿ ನಾವು ತುಮಕೂರು ದಾಟಿ ಇಳಿಯುವಾಗ ಅವನ ಮಗಳು, ಹತ್ತನೆಯ ತರಗತಿಯವಳು, ಪುಸ್ತಕ ಮುಚ್ಚಿ ಬಂದು ನಿಂತಳು. "ಅಪ್ಪಾ, ನಾ ಇಳಸ್ತೇನಿ" ಎಂದಳು. ಅವನು ಕುರ್ಚಿ ಬಿಟ್ಟುಕೊಟ್ಟ. ಹುಡುಗಿಯ ಕೈ ಮೊದಲು ನಡುಗಿತು. ಓಡುದಾರಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿತು. ಅವನು ಬಾಯಿಂದ ಎತ್ತರ ಹೇಳುತ್ತ ಹೋದನೇ ಹೊರತು ದಂಡವನ್ನು ಮುಟ್ಟಲಿಲ್ಲ. ಗಾಲಿಗಳು ತುಸು ಒರಟಾಗಿಯೇ ನೆಲ ಮುಟ್ಟಿದವು.

"ಅಜ್ಜ ಇಳದದ್ದು ಇಲ್ಲೇ ಏನು?" ಎಂದು ಆಕೆ ಕೇಳಿದಳು.

"ಇಲ್ಲೇ" ಎಂದ.

ಎಂಜಿನುಗಳನ್ನು ಒಂದೊಂದಾಗಿ ಆರಿಸಿ, ದೀಪ ಆರಿಸಿ, ಕೊನೆಗೆ ಬ್ಯಾಟರಿಯನ್ನೂ ಆರಿಸಿ, ಗಣಕದ ಮೇಲೆ ಬಟ್ಟೆ ಎಳೆದ. ಬೆಳಿಗ್ಗೆ ಆರಕ್ಕೆ ಮಗ್ಗ ಹಚ್ಚಬೇಕಾಗಿತ್ತು.