ಬೆನ್ನುಹುರಿಗೆ ಪೆಟ್ಟು: ಬಿದ್ದವರನ್ನು ಎತ್ತುವ ಮುನ್ನ



ಹಿಂಗಾರಿ ಜೋಳದ ಸುಗ್ಗಿ ಮುಗಿಯುತ್ತಲೇ ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗದ ಹಿತ್ತಿಲುಗಳಲ್ಲಿ ಕಣಿಕೆಯ ಬಣವೆಗಳು ಏಳುತ್ತವೆ. ಬಣವೆಯ ಮೇಲೆ ನಿಂತವನ ಕಾಲು ಜಾರಿದರೆ ಬಹಳ ಸಲ ಅದು ಮೈಕೈ ನೋವಿನಲ್ಲಿ ಮುಗಿಯುತ್ತದೆ. ಕೆಲವೊಮ್ಮೆ ಮಾತ್ರ ಬಿದ್ದವನು ಎಚ್ಚರವಾಗಿರುತ್ತಾನೆ, ಮಾತನಾಡುತ್ತಾನೆ, ಆದರೆ ಕಾಲು ಅಲುಗಿಸಲಾರ. ಇದು ಬೆನ್ನುಹುರಿಗೆ ಪೆಟ್ಟಾದುದರ ಲಕ್ಷಣ.

ಬೆನ್ನುಹುರಿ ಎಂದರೇನು?

ಮೆದುಳಿನಿಂದ ಹೊರಟು ಬೆನ್ನೆಲುಬಿನ ಮಣಿಗಳ ಒಳಗಿನಿಂದ ಇಳಿಯುವ ನರಗಳ ಹುರಿ ಇದು. ಕೈಕಾಲಿಗೆ ಮೆದುಳಿನ ಅಪ್ಪಣೆ ಮುಟ್ಟುವುದೂ, ಬಿಸಿ, ತಂಪು, ನೋವಿನ ಸುದ್ದಿ ಮೆದುಳಿಗೆ ಬರುವುದೂ ಇದರ ಮೂಲಕವೇ. ಮಣಿ ಮುರಿದು ಅಥವಾ ಸರಿದು ಹುರಿಯನ್ನು ಜಜ್ಜಿದರೆ ಅಲ್ಲಿಂದ ಕೆಳಗಿನ ಭಾಗ ಸ್ವಾಧೀನ ತಪ್ಪುತ್ತದೆ. ಕುತ್ತಿಗೆಯಲ್ಲಾದರೆ ಕೈಕಾಲು ನಾಲ್ಕೂ, ಬೆನ್ನಿನಲ್ಲಾದರೆ ಎರಡು ಕಾಲು. ಮಲಮೂತ್ರದ ಹಿಡಿತವೂ ಹೋಗಬಹುದು. ಮುರಿದ ಎಲುಬು ಕೂಡುತ್ತದೆ. ಹರಿದ ಬೆನ್ನುಹುರಿ ಹಾಗೆ ಕೂಡುವುದಿಲ್ಲ.

ಎಷ್ಟು ಜನರಿಗೆ? ಯಾವುದರಿಂದ?

ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ನೀಡಿದ ಮಾಹಿತಿಯಂತೆ ಜಗತ್ತಿನಲ್ಲಿ 1.5 ಕೋಟಿಗೂ ಹೆಚ್ಚು ಜನರು ಬೆನ್ನುಹುರಿಯ ಹಾನಿಯೊಂದಿಗೆ ಬದುಕುತ್ತಿದ್ದಾರೆ. ಬಹುಪಾಲಿಗೆ ಕಾರಣ ಬೀಳುವುದು, ರಸ್ತೆ ಅಪಘಾತ ಮತ್ತು ಹೊಡೆದಾಟ. ಗಂಡಸರಲ್ಲಿ ಇದು ಹೆಚ್ಚು. ಅದರಲ್ಲೂ ದುಡಿಯುವ ಹರೆಯದವರು ಮತ್ತು ವೃದ್ಧರು.

ಅನೇಕ ಶ್ರೀಮಂತ ದೇಶಗಳಲ್ಲಿ ವಾಹನ ಅಪಘಾತ ಮುಖ್ಯ ಕಾರಣವಾದರೆ, ನಮ್ಮ ದೇಶದ ಅನೇಕ ಆಸ್ಪತ್ರೆಗಳ ವರದಿಗಳಲ್ಲಿ ಎತ್ತರದಿಂದ ಬೀಳುವುದೇ ಮೊದಲ ಕಾರಣ. ಆಡಿಗೆ ತಪ್ಪಲು ಕಡಿಯಲು ಏರಿದ ಮರ, ಕಟ್ಟೆಗೋಡೆಯಿಲ್ಲದ ಮಾಳಿಗೆ, ಬೇಸಿಗೆಯಲ್ಲಿ ಅದರ ಮೇಲೆ ಮಲಗುವುದು, ಹಾಳುಬಾವಿ, ಮೇವು ಹೇರಿದ ಚಕ್ಕಡಿ, ಪಲ್ಟಿಯಾದ ಟ್ರ್ಯಾಕ್ಟರ್: ಇವೆಲ್ಲ ನಮ್ಮ ದಿನನಿತ್ಯದ ಜಾಗಗಳೇ. ತಲೆಯ ಮೇಲೆ ಭಾರದ ಚೀಲ ಹೊತ್ತವರು ಎಡವಿದರೆ ಕುತ್ತಿಗೆಗೆ ಅಪಾಯ. ಆಳ ತಿಳಿಯದೆ ಹೊಳೆಗೋ ಕೃಷಿ ಹೊಂಡಕ್ಕೋ ತಲೆ ಕೆಳಗಾಗಿ ಧುಮುಕುವ ಹುಡುಗರಿಗೂ ಅಷ್ಟೇ.

ಬಿದ್ದಾಗ ಮಾಡಬೇಕಾದುದು

ನಾವು ಅವಸರದಿಂದ ಕೈಕಾಲು ಹಿಡಿದು ಎತ್ತಿ, ಟಂಟಂ ಗಾಡಿಯಲ್ಲಿ ಕೂರಿಸಿ ಒಯ್ಯುತ್ತೇವೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸವೇ ಅರೆಪೆಟ್ಟಾದ ಹುರಿಯನ್ನು ಪೂರ್ತಿ ಕೆಡಿಸಬಹುದು. ಆದ್ದರಿಂದ:

1. ಬಿದ್ದವರನ್ನು ಕೂರಿಸಬೇಡಿ, ನಿಲ್ಲಿಸಬೇಡಿ, ನೀರು ಕುಡಿಸಬೇಡಿ. ತಲೆ ಅಲುಗದಂತೆ ಒಬ್ಬರು ಎರಡೂ ಕೈಯಿಂದ ಹಿಡಿದಿರಲಿ.

2. ಪಾದ ಅಲುಗಿಸಲು ಹೇಳಿ. ಜೋಮು, ಬೆನ್ನು ಅಥವಾ ಕುತ್ತಿಗೆ ನೋವು ಇದೆಯೇ ಕೇಳಿ.

3. ತಕ್ಷಣ 108ಕ್ಕೆ ಫೋನ್ ಮಾಡಿ, ಬೆನ್ನಿಗೆ ಪೆಟ್ಟಾಗಿದೆ ಎಂದು ತಿಳಿಸಿ.

4. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಒಟ್ಟಿಗೆ ಹೊರಳಿಸಿ, ಹಲಗೆ ಅಥವಾ ಕಳಚಿದ ಬಾಗಿಲಿನ ಮೇಲೆ ಮಲಗಿಸಿ.

ಮನೆಗೆ ಬಂದ ಮೇಲೆ

ಸ್ಪರ್ಶ ತಿಳಿಯದ ಮೈಗೆ ಹಾಸಿಗೆಹುಣ್ಣು ಬೇಗ ಆಗುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂತ್ರದ ಸೋಂಕಿನ ಬಗ್ಗೆ ವೈದ್ಯರ ಸಲಹೆ ಪಾಲಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಬದುಕು ಅಲ್ಲಿಗೇ ನಿಲ್ಲಬೇಕಿಲ್ಲ. ವೆಲ್ಲೂರಿನ ಡಾ. ಮೇರಿ ವರ್ಗೀಸ್ ಅವರು 1954ರಲ್ಲಿ ವಾಹನ ಅಪಘಾತದಿಂದ ಕಾಲುಗಳ ಸ್ವಾಧೀನ ಕಳೆದುಕೊಂಡರೂ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದರು. ಇಂಥ ರೋಗಿಗಳ ಪುನರ್ವಸತಿಗೆ ಅಲ್ಲಿ ಕೇಂದ್ರವನ್ನೂ ಕಟ್ಟಿದರು.

ಆದರೂ ಬೀಳದಂತೆ ನೋಡಿಕೊಳ್ಳುವುದೇ ಮೇಲು. ಬಣವೆ ಏರುವಾಗ ಏಣಿ ಹಿಡಿಯಲು ಕೆಳಗೆ ಒಬ್ಬರಿರಲಿ. ಮಾಳಿಗೆಗೆ ಕಟ್ಟೆಗೋಡೆ ಕಟ್ಟಿಸಿ. ಹೇರಿದ ಮೇವಿನ ಮೇಲೆ ಯಾರನ್ನೂ ಕೂರಿಸಬೇಡಿ. ನಸುಕಿನಲ್ಲಿ ಹಾಲು ಹಾಕಿ ಬಂದವರು ಸಂಜೆಯೂ ನಡೆದೇ ಡೇರಿಗೆ ಬರುವಂತಾಗಲಿ.