ಹತ್ತು ಸೆಂಟಿನ ನಾಣ್ಯ, ಒಂದೂಕಾಲು ಕಿಲೋ ಮಗು

ಮೊಮ್ಮಗಳ ತೂಕ ಒಂದೂಕಾಲು ಕಿಲೋ ಎಂದು ಅಳಿಯ ಫೋನಿನಲ್ಲಿ ಹೇಳಿದಾಗ ನಾನು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ಮೂವತ್ತು ವರ್ಷ ಹೆರಿಗೆ ವೈದ್ಯೆಯಾಗಿ ದುಡಿದವಳು ನಾನು. ಅಷ್ಟು ತೂಕದ ಮಗುವಿಗೆ ಏನೇನು ಆಗಬಹುದು ಎಂಬುದು ನನಗೆ ಗೊತ್ತು. ಗೊತ್ತಿದ್ದುದರಿಂದಲೇ ಕೈಕಾಲು ತಣ್ಣಗಾದವು.

ಅದು 2018ರ ಫೆಬ್ರವರಿ. ಅಮೆರಿಕದಲ್ಲಿರುವ ಮಗಳಿಗೆ ಏಪ್ರಿಲ್ ಕೊನೆಗೆ ದಿನ ತುಂಬಬೇಕಿತ್ತು. ಬಾಣಂತನಕ್ಕೆಂದು ಏಪ್ರಿಲ್ ಮೊದಲ ವಾರಕ್ಕೆ ಟಿಕೆಟ್ ಮಾಡಿಸಿದ್ದೆ. ಹಳೆಯ ಪಂಚೆಗಳನ್ನು ಒಗೆದು ಮಡಿಸಿಟ್ಟು, ಲೇಹ್ಯದ ಸಾಮಾನು ಹೊಂದಿಸುತ್ತಿದ್ದೆ. ಅಷ್ಟರಲ್ಲಿ ಮಗಳ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಿ, 29ನೇ ವಾರದಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಮಗುವನ್ನು ತೆಗೆಯಬೇಕಾಯಿತು. ಟಿಕೆಟ್ ಬದಲಿಸಿಕೊಂಡು ನಾನು ಆಸ್ಪತ್ರೆ ತಲುಪಿದ್ದು ಐದನೇ ದಿನ.

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಪಾರದರ್ಶಕ ಪೆಟ್ಟಿಗೆಯಲ್ಲಿ ಮಗು ಮಲಗಿತ್ತು. ಪಕ್ಕದ ಕುರ್ಚಿಯಲ್ಲಿ ಮಗಳು. ಅವಳ ಜೊತೆ ಮಹಿಳೆಯೊಬ್ಬರು ಮೆಲ್ಲಗೆ ಮಾತನಾಡುತ್ತಿದ್ದರು. ನರ್ಸ್ ಇರಬಹುದು ಎಂದುಕೊಂಡೆ. ಅಲ್ಲ. ಆಕೆಯ ಮಗನೂ 26ನೇ ವಾರಕ್ಕೇ ಹುಟ್ಟಿ ಮೂರು ತಿಂಗಳು ಇಂಥದೇ ಪೆಟ್ಟಿಗೆಯಲ್ಲಿ ಇದ್ದವನು, ಈಗ ಶಾಲೆಗೆ ಹೋಗುತ್ತಾನೆ. ಯಂತ್ರಗಳ ಸದ್ದಿಗೆ ಬೆಚ್ಚುವ ತಂದೆ ತಾಯಿಗೆ ಅದರ ಅರ್ಥ ತಿಳಿಸುವುದು, ಮಗುವನ್ನು ಮುಟ್ಟುವ ಧೈರ್ಯ ತುಂಬುವುದು, ಅತ್ತರೆ ಸುಮ್ಮನೆ ಜೊತೆಗೆ ಕೂರುವುದು ಆಕೆಯ ಕೆಲಸ. ‘ಮಾರ್ಚ್ ಆಫ್ ಡೈಮ್ಸ್’ ಎಂಬ ಸೇವಾಸಂಸ್ಥೆಯ ಪರವಾಗಿ ಅವರು ಬರುತ್ತಿದ್ದರು.

ವೈದ್ಯಕೀಯ ಪುಸ್ತಕಗಳಲ್ಲಿ ಆ ಹೆಸರನ್ನು ನಾನು ಕಂಡಿದ್ದೆ. ಅದರ ಹಿಂದೆ ಇರುವವರು ನಮ್ಮ ನಿಮ್ಮಂಥ ಗೃಹಸ್ಥರು ಎಂಬುದು ಮಾತ್ರ ತಿಳಿದಿರಲಿಲ್ಲ.

ನಾಣ್ಯಗಳ ಮೆರವಣಿಗೆ

ಫ್ರಾಂಕ್ಲಿನ್ ರೂಸ್‌ವೆಲ್ಟ್ 1921ರಲ್ಲಿ, ತಮ್ಮ 39ನೇ ವಯಸ್ಸಿನಲ್ಲಿ ಪೋಲಿಯೋ ಎಂದು ವೈದ್ಯರು ಗುರುತಿಸಿದ ಕಾಯಿಲೆಗೆ ತುತ್ತಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಅಮೆರಿಕದ ಅಧ್ಯಕ್ಷರಾದ ಮೇಲೆ, 1938ರ ಜನವರಿಯಲ್ಲಿ, ಪೋಲಿಯೋ ವಿರುದ್ಧ ಹೋರಾಡಲು ಒಂದು ರಾಷ್ಟ್ರೀಯ ಪ್ರತಿಷ್ಠಾನವನ್ನು ಆರಂಭಿಸಿದರು. ಎಡ್ಡಿ ಕ್ಯಾಂಟರ್ ಎಂಬ ಹಾಸ್ಯನಟ ರೇಡಿಯೋದಲ್ಲಿ ಜನರಿಗೆ ಒಂದು ಮನವಿ ಮಾಡಿದ. ಪ್ರತಿಯೊಬ್ಬರೂ ಒಂದೊಂದು ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯವನ್ನು, ನೇರವಾಗಿ ಶ್ವೇತಭವನಕ್ಕೇ ಅಂಚೆಯಲ್ಲಿ ಕಳಿಸಿ ಎಂದ. ಬಂದ ನಾಣ್ಯಗಳು 26 ಲಕ್ಷ 80 ಸಾವಿರ! ‘ನಾಣ್ಯಗಳ ಮೆರವಣಿಗೆ’ ಎಂಬರ್ಥದ ಆ ಹೆಸರೇ ಸಂಸ್ಥೆಗೆ ಶಾಶ್ವತವಾಗಿ ಉಳಿಯಿತು. ರೂಸ್‌ವೆಲ್ಟರು ತೀರಿಕೊಂಡ ಮರುವರ್ಷ, 1946ರಲ್ಲಿ, ಆ ನಾಣ್ಯದ ಮೇಲೆ ಅವರ ಮುಖವೇ ಅಚ್ಚಾಯಿತು.

1950ರ ಜನವರಿಯಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ತಾಯಂದಿರೇ ಬೀದಿಗಿಳಿದರು. ಚಂದಾ ಕೊಡಲು ಇಷ್ಟವಿರುವವರು ಸಂಜೆ ಮನೆಯ ಮುಂದಿನ ದೀಪ ಹಚ್ಚಿಡಬೇಕೆಂದು ಮೊದಲೇ ಸಾರಲಾಗಿತ್ತು. ದೀಪ ಕಂಡ ಮನೆಗಳಿಗೆಲ್ಲ ಹೋಗಿ ಒಂದೇ ಗಂಟೆಯಲ್ಲಿ ಸುಮಾರು 45 ಸಾವಿರ ಡಾಲರ್ ಸಂಗ್ರಹಿಸಿದರು. ಹೀಗೆ ಕೂಡಿಬಂದ ಹಣದಿಂದಲೇ ಡಾ. ಜೋನಾಸ್ ಸಾಲ್ಕ್ ಅವರ ಲಸಿಕೆ ಸಿದ್ಧವಾಯಿತು. 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಅದರ ಪ್ರಯೋಗದಲ್ಲಿ ಪಾಲ್ಗೊಂಡರು. ಲಸಿಕೆ ಯಶಸ್ವಿ ಎಂದು 1955ರ ಏಪ್ರಿಲ್ 12ರಂದು ಪ್ರಕಟವಾಯಿತು.

ಗುರಿ ಮುಟ್ಟಿದ ಸಂಸ್ಥೆ ಬಾಗಿಲು ಹಾಕಲಿಲ್ಲ. 1958ರಲ್ಲಿ ಹುಟ್ಟಿನಿಂದ ಬರುವ ಅಂಗದೋಷಗಳತ್ತ ಗಮನ ಹರಿಸಿತು. 2003ರಿಂದ, ದಿನ ತುಂಬುವ ಮೊದಲೇ ಹುಟ್ಟುವ ಶಿಶುಗಳಿಗಾಗಿ ವಿಶೇಷ ಆಂದೋಲನ ನಡೆಸಿತು.

ನಮ್ಮ ಮನೆಗೂ ಬಂದ ಫಲ

ದೂರದೇಶದ ಕಥೆ ನಮಗೇಕೆ ಎನ್ನುವವರು ತಮ್ಮ ಮನೆಯನ್ನೇ ಒಮ್ಮೆ ನೋಡಿಕೊಳ್ಳಲಿ. ನಾವು ಮಕ್ಕಳಿಗೆ ಹಾಕಿಸುವ ಪೋಲಿಯೋ ಹನಿ ಡಾ. ಆಲ್ಬರ್ಟ್ ಸೇಬಿನ್ ಅವರದು. ಅವರ ಸಂಶೋಧನೆಗೂ ಇದೇ ನಾಣ್ಯಗಳ ನೆರವಿತ್ತು. ಭಾರತ 2014ರ ಮಾರ್ಚ್‌ನಲ್ಲಿ ಪೋಲಿಯೋ ಮುಕ್ತವೆಂದು ಘೋಷಿತವಾಯಿತು.

ಹೆರಿಗೆಯಾದ ಮೇಲೆ ಕೊಡುವ ಚೀಟಿಯಲ್ಲಿ ‘ಅಪ್‌ಗಾರ್’ ಎಂಬ ಅಂಕ ಇರುತ್ತದೆ. ಮಗುವಿನ ಬಣ್ಣ, ನಾಡಿಬಡಿತ, ಪ್ರತಿಕ್ರಿಯೆ, ಸ್ನಾಯುಗಳ ಬಿಗಿ, ಉಸಿರಾಟ ಎಂಬ ಐದು ಲಕ್ಷಣಗಳಿಗೆ ಹುಟ್ಟಿದ ಒಂದನೇ ಮತ್ತು ಐದನೇ ನಿಮಿಷದಲ್ಲಿ ಹತ್ತಕ್ಕೆ ಕೊಡುವ ಅಂಕ ಅದು. ಇದನ್ನು 1952ರಲ್ಲಿ ರೂಪಿಸಿದ ಡಾ. ವರ್ಜೀನಿಯಾ ಅಪ್‌ಗಾರ್ 1959ರಲ್ಲಿ ಈ ಸಂಸ್ಥೆ ಸೇರಿ, ಅಂಗದೋಷಗಳ ಬಗ್ಗೆ ಜನರಿಗೆ ತಿಳಿವಳಿಕೆ ನೀಡಲು ಊರೂರು ಸುತ್ತಿದರು.

ಮೂರನೆಯದು ಫೋಲಿಕ್ ಆಮ್ಲ. ಗರ್ಭದ ಮೊದಲ 28 ದಿನಗಳಲ್ಲೇ ಶಿಶುವಿನ ಮಿದುಳು ಮತ್ತು ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಬೆನ್ನುಮೂಳೆ ಸೀಳಿದ ಮಗು ಹುಟ್ಟಬಹುದು. ಫೋಲಿಕ್ ಆಮ್ಲ ಈ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ಅಧ್ಯಯನ ಖಚಿತಪಡಿಸಿತು. ಆಹಾರಧಾನ್ಯದ ಹಿಟ್ಟಿಗೇ ಇದನ್ನು ಬೆರೆಸಬೇಕೆಂದು ಒತ್ತಾಯಿಸಿದವರಲ್ಲಿ ಮಾರ್ಚ್ ಆಫ್ ಡೈಮ್ಸ್ ಮುಂದಿತ್ತು. ಅಮೆರಿಕದಲ್ಲಿ 1998ರಿಂದ ಇದು ಕಡ್ಡಾಯವಾಯಿತು.

ಐದು ಕಿಲೋಮೀಟರು ನಡಿಗೆ

ಮೊಮ್ಮಗಳು 58 ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಮರುವರ್ಷ, ಅಂದರೆ 2019ರ ಏಪ್ರಿಲ್‌ನಲ್ಲಿ, ನಾನು ಮತ್ತೆ ಹೋಗಿದ್ದೆ. ಒಂದು ಶನಿವಾರ ಬೆಳಿಗ್ಗೆ ಮಗಳು, “ಅಮ್ಮಾ, ಬೂಟು ಹಾಕ್ಕೋ, ಇವತ್ತು ನಡೆಯೋದಿದೆ” ಎಂದಳು. 1970ರಲ್ಲಿ ಆರಂಭವಾದ ಈ ವಾರ್ಷಿಕ ನಡಿಗೆಗೆ 2008ರಿಂದ ‘ಮಾರ್ಚ್ ಫಾರ್ ಬೇಬೀಸ್’ ಎಂದು ಹೆಸರು. ನೆಂಟರು, ಸಹೋದ್ಯೋಗಿಗಳು ತಂಡ ಕಟ್ಟಿಕೊಂಡು, ಪರಿಚಯದವರಿಂದ ದೇಣಿಗೆ ಕೂಡಿಸಿ ನಡೆಯುತ್ತಾರೆ.

ಉದ್ಯಾನದ ತುಂಬ ನೇರಳೆ ಬಣ್ಣದ ಅಂಗಿಗಳು, ಅಂಗಿಗಳ ಮೇಲೆ ಮಕ್ಕಳ ಭಾವಚಿತ್ರಗಳು. ನಮ್ಮ ಪಕ್ಕದಲ್ಲಿ ಕೋಲೂರಿ ನಡೆಯುತ್ತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು 1954ರ ಪ್ರಯೋಗದಲ್ಲಿ ಸೂಜಿ ಚುಚ್ಚಿಸಿಕೊಂಡ ಮಕ್ಕಳಲ್ಲಿ ಒಬ್ಬರು. ಕೊಟ್ಟದ್ದು ಲಸಿಕೆಯೋ ಬರಿಯ ನೀರಿನಂಥ ದ್ರವವೋ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. “ಎದುರು ಮನೆಯ ಹುಡುಗನ ಕಾಲು ಹೋಗಿತ್ತು. ಅದಕ್ಕೇ ನಮ್ಮಮ್ಮ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದಳು” ಎಂದರು. ಅವರ ಮೊಮ್ಮಕ್ಕಳೆಲ್ಲ ದಿನ ತುಂಬಿ ಹುಟ್ಟಿದವರೇ. “ಹಾಗಿದ್ದರೆ ನೀವೇಕೆ ನಡೆಯುತ್ತೀರಿ?” ಎಂದು ಕೇಳಿದ್ದಕ್ಕೆ, “ಆಗ ನಮಗಾಗಿ ಯಾರೋ ಮನೆಮನೆ ತಿರುಗಿದ್ದರಲ್ಲ” ಎಂದರು.

ಆಡಿದರೆ ಹಗುರಾಗುವ ದುಃಖ

ಸ್ವಲ್ಪ ಮುಂದೆ ಹೆಣ್ಣುಮಗಳೊಬ್ಬಳು ಒಂಟಿಯಾಗಿ ನಡೆಯುತ್ತಿದ್ದಳು. ಅಂಗಿಯ ಮೇಲೆ ಒಂದು ಹೆಸರು, ಎರಡು ತಾರೀಕು. ಎರಡಕ್ಕೂ ನಡುವೆ ಐದೇ ದಿನಗಳ ಅಂತರ. ನಾನು ಕಣ್ಣು ತಪ್ಪಿಸಿದೆ. ನನ್ನ ಮಗಳು ಹಾಗೆ ಮಾಡಲಿಲ್ಲ. ಹತ್ತಿರ ಹೋಗಿ, ಅಂಗಿಯ ಮೇಲಿದ್ದ ಹೆಸರನ್ನು ಬಾಯಿಬಿಟ್ಟು ಹೇಳಿ, “ಮಗು ಯಾರ ಹಾಗಿತ್ತು?” ಎಂದು ಕೇಳಿದಳು. ಆಕೆಯ ಮುಖ ಅರಳಿತು. ಮೂಗು ಅಪ್ಪನದು, ಬೆರಳು ತನ್ನವು ಎಂದೆಲ್ಲ ಹೇಳಿದಳು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ವರ್ಷಕ್ಕೆ ಇದೊಂದು ದಿನ ಮಾತ್ರ, ಅದಕ್ಕಾಗಿಯೇ ಬರುತ್ತೇನೆ ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವೃತ್ತಿಯಲ್ಲಿದ್ದಾಗ ಮಗು ಕಳೆದುಕೊಂಡ ಎಷ್ಟೋ ತಾಯಂದಿರಿಗೆ ನಾನು ಹೇಳಿದ್ದು ಒಂದೇ ಮಾತು: “ಮರೆತುಬಿಡಮ್ಮ, ವಯಸ್ಸಿದೆ, ಇನ್ನೊಂದಾಗುತ್ತೆ.” ಸಮಾಧಾನವೆಂದೇ ತಿಳಿದು ಹೇಳಿದ್ದೆ. ಮಗುವನ್ನು ತಾಯಿಗೆ ತೋರಿಸದೆ ಮನೆಯವರ ಕೈಗೆ ಕೊಟ್ಟು ಕಳಿಸಿದ್ದೂ ಉಂಟು. ಆ ತಾಯಂದಿರ ಎದೆಯಲ್ಲಿ ಹಾಲು ತುಂಬುತ್ತಿತ್ತು, ಮಾತು ಮಾತ್ರ ನಿಂತಿತ್ತು.

ಹಣವೊಂದೇ ಸಾಲದು

ಇಷ್ಟೆಲ್ಲ ದುಡಿದರೂ ಅಮೆರಿಕದಲ್ಲಿ ಇಂದಿಗೂ ಹತ್ತರಲ್ಲಿ ಒಂದು ಮಗು 37 ವಾರ ತುಂಬುವ ಮೊದಲೇ ಹುಟ್ಟುತ್ತಿದೆ. ಕಪ್ಪು ಜನಾಂಗದ ತಾಯಂದಿರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಮಾರ್ಚ್ ಆಫ್ ಡೈಮ್ಸ್ ತಾನೇ ದೇಶಕ್ಕೆ ಅಂಕಪಟ್ಟಿ ಕೊಡುತ್ತದೆ. 2022 ಮತ್ತು 2023ರಲ್ಲಿ ಅದು ಕೊಟ್ಟ ದರ್ಜೆ ‘ಡಿ ಪ್ಲಸ್’, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಂಚಿನಲ್ಲಿ ಪಾಸು. ಬೆಂಬಲಿಗರ ಮುಂದೆ ಹೀಗೆ ಸತ್ಯ ಹೇಳುವುದೂ ಸೇವೆಯೇ.

ಭಾರತದ ಹೊರೆ ದೊಡ್ಡದು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಅವಧಿಗೆ ಮುನ್ನ ಹುಟ್ಟಿದವೆಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರರ ಅಂದಾಜು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದವು. ಇದರ ತಡೆಗೆ ಕರ್ನಾಟಕದ ಕೊಡುಗೆಯೂ ಇದೆ. ಚೊಚ್ಚಲ ಬಸುರಿಯರಿಗೆ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಟ್ಟು ನೋಡಿದ ಆರು ದೇಶಗಳ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರವಾಗಿತ್ತು. ಅವಧಿಪೂರ್ವ ಹೆರಿಗೆ ಶೇ. 11ರಷ್ಟು ತಗ್ಗಿತೆಂದು 2020ರಲ್ಲಿ ವರದಿಯಾಯಿತು. ಆದರೆ ಯಾರಿಗೆ ಈ ಮಾತ್ರೆ ಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ನೀವಾಗಿ ನುಂಗಬೇಡಿ.

ಮನೆಯವರು ಗಮನಿಸಬೇಕಾದದ್ದು

* ಮಗು ಬೇಕೆಂದುಕೊಂಡಾಗಲೇ, ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಮುಟ್ಟು ನಿಂತು ವೈದ್ಯರಲ್ಲಿಗೆ ಹೋಗುವ ವೇಳೆಗೆ ಆ 28 ದಿನಗಳು ಮುಗಿದಿರುತ್ತವೆ. ಹಿಂದೆ ಬೆನ್ನುಹುರಿಯ ದೋಷವಿರುವ ಮಗು ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ವೈದ್ಯರನ್ನು ಕೇಳಿ.

* ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶದ ಮಾತ್ರೆ ತಪ್ಪಿಸಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡುತ್ತಾರೆ.

* ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ, ಮೂತ್ರ, ರಕ್ತ ಪರೀಕ್ಷೆ ಆಗಲಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

* 37 ವಾರಕ್ಕೆ ಮೊದಲು ಹೊಟ್ಟೆ ಬಿಟ್ಟುಬಿಟ್ಟು ಬಿಗಿಯುವುದು, ನೀರು ಅಥವಾ ರಕ್ತ ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು ಅಪಾಯದ ಸೂಚನೆ. ಬೆಳಗಾಗಲಿ ಎಂದು ಕಾಯಬೇಡಿ. ಸಕಾಲದಲ್ಲಿ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಚುಚ್ಚುಮದ್ದು ಕೊಡಬಹುದು. ನನ್ನ ಮೊಮ್ಮಗಳಿಗೆ ಅದರಿಂದ ನೆರವಾಯಿತು.

* ತೊಂದರೆಯೇನೂ ಇಲ್ಲದಿದ್ದರೆ 39 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಡಿ ಎಂದು ಮಾರ್ಚ್ ಆಫ್ ಡೈಮ್ಸ್ ಪ್ರಚಾರ ಮಾಡಿತ್ತು. ಒಳ್ಳೆಯ ನಕ್ಷತ್ರಕ್ಕೆಂದು ಮುಹೂರ್ತ ಇಡಿಸಿ ಸಿಸೇರಿಯನ್ ಮಾಡಿಸುವ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಕೊನೆಯ ವಾರಗಳಲ್ಲಿ ಮಿದುಳು, ಶ್ವಾಸಕೋಶ ಇನ್ನೂ ಬಲಿಯುತ್ತಿರುತ್ತವೆ.

* ತೂಕ ಕಡಿಮೆಯಿರುವ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವ ‘ಕಾಂಗರೂ ಆರೈಕೆ’ ಬಹಳ ಫಲಕಾರಿ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಆರಂಭವಾದ ಈ ಕ್ರಮಕ್ಕೆ ಯಂತ್ರ ಬೇಡ. ತಂದೆಯೂ ಅಜ್ಜಿಯೂ ಸರದಿಯ ಮೇಲೆ ಮಾಡಬಹುದು.

ನಾವೂ ಬೆಂಬಲಿಗರಾಗಬಹುದು

ಇದಕ್ಕೆ ದೊಡ್ಡ ಸಂಸ್ಥೆಯನ್ನೇ ಕಟ್ಟಬೇಕಿಲ್ಲ. ಬಾಣಂತಿಗೆ ಬೇಕಾದಾಗ ರಕ್ತ ಕೊಡಬಹುದು. ಹಾಲು ಹೆಚ್ಚಿರುವ ತಾಯಂದಿರು ಎದೆಹಾಲಿನ ಬ್ಯಾಂಕ್ ಇರುವ ಆಸ್ಪತ್ರೆಗೆ ಕೊಡಬಹುದು. ತೀವ್ರ ನಿಗಾ ಘಟಕದ ಹೊರಗೆ ಕಾದು ಕುಳಿತವರಿಗೆ ಊಟ ಒಯ್ಯಬಹುದು. ನವೆಂಬರ್ 17 ವಿಶ್ವ ಅವಧಿಪೂರ್ವ ಶಿಶು ದಿನ. ಅಂದು ನಿಮ್ಮ ಮನೆಯ ಮಗುವಿನ ಕಥೆಯನ್ನು ಪಕ್ಕದ ಮನೆಯ ಬಸುರಿಗೆ ಹೇಳಿದರೂ ಸಾಕು.

ಊರಿಗೆ ಮರಳಿದ ಮೇಲೆ ನನ್ನ ಹಳೆಯ ರೋಗಿಯೊಬ್ಬರು ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದರು. ಆ ಮಗಳಿಗಿಂತ ಮೊದಲು ಒಂದು ಗಂಡುಮಗು ಹುಟ್ಟಿ ಮೂರನೇ ದಿನ ತೀರಿಕೊಂಡದ್ದು ನನಗೆ ನೆನಪಿತ್ತು. ಕಾಫಿ ಕೊಟ್ಟು, “ಮೊದಲನೆಯವನಿಗೆ ಏನಾದರೂ ಹೆಸರು ಅಂದುಕೊಂಡಿದ್ದಿರಾ?” ಎಂದು ಕೇಳಿದೆ. ಆಕೆ ಲೋಟ ಕೆಳಗಿಟ್ಟರು. ಇಪ್ಪತ್ತಾರು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ ಡಾಕ್ಟ್ರೇ ಎಂದರು. ಹೆಸರು ಹೇಳಿದರು. ಆಮೇಲೆ ಒಂದು ಗಂಟೆ ಕೂತು ಅವನ ವಿಷಯ ಮಾತನಾಡಿ, ಕಣ್ಣೊರೆಸಿಕೊಂಡು, ಮದುವೆಗೆ ತಪ್ಪದೆ ಬರಬೇಕೆಂದು ಹೇಳಿ ಹೋದರು.